ಸಸ್ಯಾಹಾರದಲ್ಲಿ ಕಬ್ಬಿಣದ ಅಂಶ

ಮಾಂಸ, ಮೀನು ತಿನ್ನದವರು ಧಾನ್ಯ, ಕಾಳು, ಸೊಪ್ಪು, ಎಣ್ಣೆಕಾಳುಗಳಿಂದಲೇ ಮೈಗೆ ಬೇಕಾದ ಕಬ್ಬಿಣವನ್ನು ಪಡೆಯಬೇಕು. ಕರ್ನಾಟಕದಲ್ಲಿ ಇದು ಮನೆಮನೆಯ ವಿಷಯ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ನಾಲ್ಕು ವರ್ಷ ಹಿಂದಿನ ಸಮೀಕ್ಷೆಗಿಂತ ಎರಡೂ ಅಂಕಿ ಮೇಲೇರಿವೆ. ಇವರೆಲ್ಲ ಸಸ್ಯಾಹಾರಿಗಳಲ್ಲ, ಎಲ್ಲರ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವೂ ಅಲ್ಲ. ಆದರೆ ಮಾಂಸ ತಿನ್ನುವ ಮನೆಗಳಲ್ಲೂ ಅದು ವಾರಕ್ಕೊಮ್ಮೆಯೋ ಹಬ್ಬಕ್ಕೋ ಬರುವಂಥದ್ದು. ಉಳಿದ ದಿನಗಳ ಊಟ ಮುದ್ದೆ, ರೊಟ್ಟಿ, ಅನ್ನ, ಸಾರು. ಆದ್ದರಿಂದ ಸಸ್ಯಾಹಾರದ ಕಬ್ಬಿಣದ ಪ್ರಶ್ನೆ ಈ ನಾಡಿನ ಬಹುಪಾಲು ಜನರ ಪ್ರಶ್ನೆಯೇ ಆಗಿದೆ.

ತಟ್ಟೆಯಲ್ಲಿ ಎಷ್ಟು ಕಬ್ಬಿಣ ಇದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದು ಇಲ್ಲಿ ಮುಖ್ಯ. ಯಾವುದರ ಜೊತೆ ತಿಂದೆವು, ತಿಂದ ಮೇಲೆ ಏನು ಕುಡಿದೆವು, ಕಾಳನ್ನು ನೆನೆಹಾಕಿದ್ದೆವೋ ಇಲ್ಲವೋ, ಇವೇ ಲೆಕ್ಕವನ್ನು ತಿರುಗಿಸುತ್ತವೆ.

ಮೈಯೊಳಗೆ

ವಯಸ್ಕರ ದೇಹದಲ್ಲಿರುವ ಕಬ್ಬಿಣ ಎಲ್ಲ ಸೇರಿ ಮೂರು, ನಾಲ್ಕು ಗ್ರಾಂ. ಅದರಲ್ಲಿ ಹೆಚ್ಚಿನ ಪಾಲು ಕೆಂಪುರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದ್ದು ಉಸಿರಿನ ಆಮ್ಲಜನಕವನ್ನು ಮೈಗೆಲ್ಲ ಹೊತ್ತೊಯ್ಯುತ್ತದೆ. ಹಳೆಯ ರಕ್ತಕಣ ಸತ್ತರೂ ಅದರ ಕಬ್ಬಿಣವನ್ನು ದೇಹ ಬಿಡುವುದಿಲ್ಲ, ಹೊಸ ಕಣಕ್ಕೆ ಮತ್ತೆ ಬಳಸುತ್ತದೆ. ಹೀಗಾಗಿ ಗಂಡಸರು ದಿನಕ್ಕೆ ಕಳೆದುಕೊಳ್ಳುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಮುಟ್ಟಾಗುವ ಹೆಂಗಸರಿಗೆ ಇದರ ಮೇಲೆ ತಿಂಗಳ ರಕ್ತಸ್ರಾವದ ನಷ್ಟವೂ ಸೇರಿ ಸರಾಸರಿ ಒಂದೂವರೆ ಮಿಲಿಗ್ರಾಂನಷ್ಟು ಬೇಕು. ಬಸುರಿಗೆ ಇನ್ನೂ ಹೆಚ್ಚು.

ಒಂದೂವರೆ ಮಿಲಿಗ್ರಾಂ ಒಳಗೆ ಸೇರಬೇಕಾದರೆ ತಿನ್ನಬೇಕಾದದ್ದು ಅದರ ಹತ್ತಾರು ಪಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ., ಗಂಡಸರಿಗೆ 19 ಮಿ.ಗ್ರಾಂ. ಎಂದಿದೆ. 2010ರ ಶಿಫಾರಸಿನಲ್ಲಿ ಇದು ಕ್ರಮವಾಗಿ 21 ಮತ್ತು 17 ಇತ್ತು. ಧಾನ್ಯ, ಕಾಳು ಹೆಚ್ಚಿರುವ ನಮ್ಮ ಊಟದಲ್ಲಿ ತಿಂದ ಕಬ್ಬಿಣದ ಹತ್ತರಲ್ಲೊಂದು ಭಾಗವೂ ಹೀರಲ್ಪಡುವುದು ಕಷ್ಟ ಎಂಬ ಲೆಕ್ಕ ಈ ದೊಡ್ಡ ಅಂಕಿಗಳ ಹಿಂದಿದೆ. ಸಸ್ಯಾಹಾರಿಗಳಿಗೆ ಉಳಿದವರಿಗಿಂತ 1.8 ಪಟ್ಟು ಹೆಚ್ಚು ಬೇಕೆಂದು ಅಮೆರಿಕದ ತಜ್ಞರು 2001ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಮಾಂಸ, ಮೀನಿನ ಕಬ್ಬಿಣದಲ್ಲಿ ಒಂದು ಪಾಲು 'ಹೀಂ' ಎಂಬ ರೂಪದಲ್ಲಿದ್ದು ಬೇರೆ ಆಹಾರದ ಹಂಗಿಲ್ಲದೆ ಕರುಳೊಳಗೆ ಸೇರುತ್ತದೆ. ಸಸ್ಯದ ಕಬ್ಬಿಣ ಹಾಗಲ್ಲ. ಅದು ಕರಗಿದ ರೂಪಕ್ಕೆ ಬಂದರಷ್ಟೇ ಒಳಗೆ ಹೋಗುತ್ತದೆ, ಅಷ್ಟರಲ್ಲಿ ಬೇರೆ ವಸ್ತುಗಳು ಅದನ್ನು ಹಿಡಿದುಕೊಳ್ಳುತ್ತವೆ. ಮೊಟ್ಟೆ, ಹಾಲಿನ ಕಬ್ಬಿಣವೂ ಈ ಎರಡನೆಯ ಗುಂಪಿನದೇ ಎಂಬುದನ್ನು ಹಲವರು ಗಮನಿಸುವುದಿಲ್ಲ. ಮೊಟ್ಟೆಯಿಂದ ಒಳ್ಳೆಯ ಪ್ರೋಟೀನು, ಬಿ12 ಸಿಗುತ್ತವೆ, ನಿಜ. ಕಬ್ಬಿಣಕ್ಕಾಗಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಕಬ್ಬಿಣ ಎಲ್ಲಿದೆ

ಈ ವಿಷಯದಲ್ಲಿ ಜನರ ನಂಬಿಕೆಯೂ ಅಳತೆಯೂ ದೂರ ದೂರ ಇವೆ. ಬೀಟ್‌ರೂಟು ಕೆಂಪಗಿದೆ, ಆದ್ದರಿಂದ ರಕ್ತ ಹೆಚ್ಚಿಸುತ್ತದೆ ಎನ್ನುತ್ತಾರೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ 1 ಮಿ.ಗ್ರಾಂ. ಕಬ್ಬಿಣವೂ ಇಲ್ಲ. ದಾಳಿಂಬೆ, ಸೇಬು ಅದಕ್ಕಿಂತ ಕಡಿಮೆ. ಸೊರಗಿದ ಬಸುರಿಗೆಂದು ಬಡವರ ಮನೆಯವರು ಸಾಲ ಮಾಡಿ ದಾಳಿಂಬೆ ತರುವಾಗ ಆ ದುಡ್ಡಿಗೆ ಅರ್ಧ ತಿಂಗಳ ಹುರುಳಿ ಬರುತ್ತಿತ್ತಲ್ಲ ಎಂದು ಸಂಕಟವಾಗುತ್ತದೆ. ಹುರುಳಿಯಲ್ಲಿ ನೂರು ಗ್ರಾಂಗೆ 8.8 ಮಿ.ಗ್ರಾಂ. ಕಬ್ಬಿಣವಿದೆ. ಕಡಲೆಯಲ್ಲಿ 6.8, ಅಲಸಂದೆಯಲ್ಲಿ 5, ಹೆಸರುಕಾಳಿನಲ್ಲಿ 4.9, ತೊಗರಿಬೇಳೆಯಲ್ಲಿ 3.9. ಎಳ್ಳಿನಲ್ಲಿ 14ರ ಆಸುಪಾಸು. ಧಾನ್ಯಗಳಲ್ಲಿ ಸಜ್ಜೆ 6.4, ರಾಗಿ 4.6, ಜೋಳ 4ಕ್ಕೆ ಹತ್ತಿರ. ಪಾಲಿಶ್ ಮಾಡಿದ ಬಿಳಿ ಅಕ್ಕಿ 0.65 ಮಾತ್ರ. ಸೊಪ್ಪುಗಳಲ್ಲಿ ಮೆಂತ್ಯ 5.7, ಹಸಿರು ದಂಟು 4.6, ಕೆಂಪು ದಂಟು 7.3, ನುಗ್ಗೆಸೊಪ್ಪು 4.6. ಸಿನಿಮಾ, ಜಾಹೀರಾತುಗಳಿಂದ ಹೆಸರು ಮಾಡಿದ ಪಾಲಕ್‌ನಲ್ಲಿ 3ಕ್ಕಿಂತ ಕಡಿಮೆ.

ಇವು ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ 528 ಆಹಾರಗಳ ಕೋಷ್ಟಕದ ಅಂಕಿಗಳು. ಅದಕ್ಕೂ ಹಿಂದೆ 1971ರಿಂದ ಬಳಕೆಯಲ್ಲಿದ್ದ ಸಿ. ಗೋಪಾಲನ್ ಮತ್ತು ಸಂಗಡಿಗರ ಕೋಷ್ಟಕ ಬೇರೆಯೇ ಕಥೆ ಹೇಳುತ್ತಿತ್ತು. ಅದರಲ್ಲಿ ಅವಲಕ್ಕಿಗೆ 20 ಮಿ.ಗ್ರಾಂ., ಬಾಣಂತಿಯರಿಗೆ ಪಾಯಸ ಮಾಡಿ ಕೊಡುವ ಅಳವಿ ಬೀಜಕ್ಕೆ 100 ಮಿ.ಗ್ರಾಂ. ಎಂದಿತ್ತು. ಹೊಸ ಅಳತೆಯಲ್ಲಿ ಅವಲಕ್ಕಿ ನಾಲ್ಕೂವರೆಗೆ, ಅಳವಿ 17ಕ್ಕೆ ಇಳಿದಿವೆ. ಧಾನ್ಯ ಕುಟ್ಟುವ, ಬೀಸುವ ಯಂತ್ರದ ಲೋಹ, ಬೀಜಕ್ಕಂಟಿದ ಮಣ್ಣು ಮಾದರಿಯೊಳಗೆ ಸೇರಿದರೆ ಅಂಕಿ ಹೀಗೆ ಉಬ್ಬುತ್ತದೆ. ಆ ಕಬ್ಬಿಣದಲ್ಲಿ ಬಹುಪಾಲು ಮೈಗೆ ಸಿಗುವಂಥದ್ದಲ್ಲ. ಹಳೆಯ ಅಂಕಿಗಳು ಶಾಲಾಪಠ್ಯಗಳಲ್ಲಿ, ಆಸ್ಪತ್ರೆಯ ಗೋಡೆಪಟಗಳಲ್ಲಿ ಇನ್ನೂ ಉಳಿದುಕೊಂಡಿವೆ. ಅವಲಕ್ಕಿಯನ್ನು ಕಬ್ಬಿಣದ ಗಣಿ ಎಂದು ನಂಬಿ ಅದರ ಮೇಲೆ ಚಹಾ ಕುಡಿಯುವ ಮನೆಗಳ ಬಗ್ಗೆ ಚಿಂತೆಯಾಗುತ್ತದೆ.

ಬೆಲ್ಲದ ಮಾತೂ ಸ್ವಲ್ಪ ಹೀಗೆಯೇ. ನೂರು ಗ್ರಾಂ ಬೆಲ್ಲದಲ್ಲಿ 4.6 ಮಿ.ಗ್ರಾಂ. ಇದೆ, ಆದರೆ ಯಾರೂ ನೂರು ಗ್ರಾಂ ಬೆಲ್ಲ ತಿನ್ನುವುದಿಲ್ಲ. ಒಂದು ಸಣ್ಣ ಅಚ್ಚಿನ ತುಂಡಿನಿಂದ ಅರ್ಧ ಮಿ.ಗ್ರಾಂ. ಬಂದರೆ ಹೆಚ್ಚು.

ತಡೆಯುವವು, ನೆರವಾಗುವವು

ಧಾನ್ಯ, ಕಾಳುಗಳ ಹೊರಪದರದಲ್ಲಿ ರಂಜಕವನ್ನು ಕೂಡಿಟ್ಟಿರುವ ಫೈಟೇಟ್ ಎಂಬ ವಸ್ತು ಇದೆ. ಬೀಜ ಮೊಳೆಯುವಾಗ ಗಿಡಕ್ಕೆ ಅದೇ ಬುತ್ತಿ. ನಮ್ಮ ಕರುಳಿನಲ್ಲಿ ಮಾತ್ರ ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದು ಬಿಡದೆ ಹೊರಗೆ ಕೊಂಡೊಯ್ಯುತ್ತದೆ. ರಾಗಿಯಲ್ಲಿ ಫೈಟೇಟ್ ಜೊತೆಗೆ ಟ್ಯಾನಿನ್ ಕೂಡ ಇದೆ, ಅದರ ಕೆಂಪು ಬಣ್ಣದ ಸಿಪ್ಪೆಯಲ್ಲಿರುವುದು ಅದೇ. ರಾಗಿಯ ನಿಜವಾದ ಹೆಚ್ಚುಗಾರಿಕೆ ನೂರು ಗ್ರಾಂಗೆ 360 ಮಿ.ಗ್ರಾಂ. ದಾಟುವ ಸುಣ್ಣದಂಶ. ಕಬ್ಬಿಣದ ವಿಷಯದಲ್ಲಿ ಅದಕ್ಕೆ ಜೊತೆಗಾರರು ಬೇಕು.

ಇಲ್ಲಿ ನಮ್ಮ ಹಳೆಯ ಅಡುಗೆಯ ಕ್ರಮಗಳು ಬಹಳ ಕೆಲಸ ಮಾಡುತ್ತವೆ. ಕಾಳು ನೆನೆಸಿದಾಗ ಅದರೊಳಗಿನ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯತೊಡಗುತ್ತದೆ. ಮೊಳಕೆ ಬಂದಾಗ ಇನ್ನಷ್ಟು ಒಡೆಯುತ್ತದೆ. ರಾತ್ರಿಯಿಡೀ ಹುದುಗಿದ ದೋಸೆಹಿಟ್ಟು, ಹುಳಿ ಬಂದ ಅಂಬಲಿಯಲ್ಲೂ ಇದೇ ನಡೆಯುತ್ತದೆ. ಮಗುವಿಗೆಂದು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸುವ ರಾಗಿಸರಿಯ ಹಿಟ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ. ಹಾಗೇ ಬೀಸಿದ ಹಿಟ್ಟಿಗಿಂತ ಅದು ಮಗುವಿಗೆ ಒಳ್ಳೆಯದು. ಆರು ತಿಂಗಳು ತುಂಬುವ ಹೊತ್ತಿಗೆ ಹುಟ್ಟಿನಿಂದ ಬಂದ ಕಬ್ಬಿಣದ ದಾಸ್ತಾನು ಮುಗಿಯುತ್ತ ಬರುತ್ತದೆ, ತಾಯಿಯ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ.

ಸಿ ಜೀವಸತ್ವದ ನೆರವು ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅನ್ನದ ಊಟಕ್ಕೆ ಗುರುತು ಹಾಕಿದ ಕಬ್ಬಿಣ ಸೇರಿಸಿ ಯುವತಿಯರಲ್ಲಿ ಎಷ್ಟು ಹೀರಲ್ಪಡುತ್ತದೆಂದು ಅಳೆದು 2008ರಲ್ಲಿ ಪ್ರಕಟಿಸಿದರು. ಊಟದ ಜೊತೆ ಒಂದು ಕಪ್ ಚಹಾ ಕುಡಿದವರಲ್ಲಿ ಹೀರಿಕೆ ಅರ್ಧಕ್ಕೆ ಇಳಿಯಿತು, ಎರಡು ಕಪ್‌ಗೆ ಇನ್ನೂ ಇಳಿಯಿತು. ಸಿ ಜೀವಸತ್ವ ಸೇರಿಸಿದಾಗ ಹಲವು ಪಟ್ಟು ಏರಿತು. ಕಬ್ಬಿಣದ ಕೊರತೆ ಇದ್ದ ಯುವತಿಯರ ಕರುಳು ಇತರರಿಗಿಂತ ಹೆಚ್ಚು ಹೀರುತ್ತಿತ್ತು. ಕಾಫಿಯ ತಡೆ ಚಹಾಕ್ಕಿಂತ ಕಡಿಮೆ, ಆದರೂ ಇದ್ದೇ ಇದೆ. ನಮ್ಮಲ್ಲಿ ಊಟ ಮುಗಿದ ಕೂಡಲೇ ಲೋಟ ಹಿಡಿಯುವ ರೂಢಿ. ಆ ಲೋಟವನ್ನು ಒಂದು, ಒಂದೂವರೆ ಗಂಟೆ ಮುಂದಕ್ಕೆ ಹಾಕುವುದಕ್ಕೆ ಖರ್ಚಿಲ್ಲ.

ನಿಂಬೆ ಹಿಂಡುವುದಕ್ಕೂ ದೊಡ್ಡ ಖರ್ಚಿಲ್ಲ. ನೆನೆದ ಹೆಸರುಬೇಳೆ, ಸೌತೆಕಾಯಿ, ಮೇಲೆ ನಿಂಬೆರಸ ಇರುವ ಕೋಸಂಬರಿಯನ್ನು ರಾಮನವಮಿಗೆ ಮಾತ್ರ ಕಾದಿಡಬಾರದು. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಯುವಾಗ ಹಾಕಿದರೆ ಸಿ ಜೀವಸತ್ವ ಬಹುಪಾಲು ಹಾಳಾಗುತ್ತದೆ. ಸೀಬೆಹಣ್ಣು ಇನ್ನೂ ಮೇಲು, ನೂರು ಗ್ರಾಂನಲ್ಲಿ 200 ಮಿ.ಗ್ರಾಂ. ಮೀರಿ ಸಿ ಜೀವಸತ್ವ ಇರುತ್ತದೆ. ನೆಲ್ಲಿಕಾಯಿಯಲ್ಲೂ ಹಾಗೆಯೇ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಕಲ್ಪನಾ ಪ್ಲೇಟೆಲ್, ಕೃಷ್ಣಾಪುರ ಶ್ರೀನಿವಾಸನ್ ಮತ್ತು ಸಂಗಡಿಗರು ನಮ್ಮ ಅಡುಗೆಮನೆಯ ಪದಾರ್ಥಗಳನ್ನೇ ಒಂದೊಂದಾಗಿ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಡ್ಡಿದರು. ಈರುಳ್ಳಿ, ಬೆಳ್ಳುಳ್ಳಿ ಸೇರಿದಾಗ ಧಾನ್ಯ, ಕಾಳುಗಳ ಕಬ್ಬಿಣ ಹೆಚ್ಚು ಕರಗಿ ಸಿಗುತ್ತದೆ ಎಂದು ತೋರಿಸಿದರು. ಹುಳಿಗಳೆಲ್ಲ ಒಂದೇ ಅಲ್ಲ ಎಂಬುದೂ ಅವರ ಕೆಲಸದಿಂದ ತಿಳಿಯಿತು. ನಿಂಬೆಯ ಹುಳಿ, ಒಣಮಾವಿನ ಪುಡಿ ನೆರವಾಗುತ್ತವೆ. ಹುಣಸೆ, ಮುರುಗಲು ಅಷ್ಟಾಗಿ ಇಲ್ಲ, ಅವುಗಳಲ್ಲಿ ಟ್ಯಾನಿನ್ ಇದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ಮಡಿಯ ಅಡುಗೆಯಲ್ಲಿ ಆ ಕೆಲಸವನ್ನು ನಿಂಬೆಹಣ್ಣೇ ಮಾಡಬೇಕಾಗುತ್ತದೆ.

ಕನ್ನಡದ ಅಡುಗೆಮನೆಗಳು

ಹಾಸನ, ಮಂಡ್ಯ, ತುಮಕೂರು ಕಡೆಯ ಬಸ್ಸಾರನ್ನು ಹತ್ತಿರದಿಂದ ನೋಡಬೇಕು. ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿರುತ್ತಾರೆ. ಬೆಳಿಗ್ಗೆ ಅದು ಅರ್ಧ ಬೆಂದ ಮೇಲೆ ದಂಟಿನ ಸೊಪ್ಪನ್ನು ಹೆಚ್ಚಿ ಹಾಕುತ್ತಾರೆ. ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಹಿಡಿದು ಬಗ್ಗಿಸಿದರೆ ಕಟ್ಟು ಬಸಿದು ಬರುತ್ತದೆ. ಕಂದು ಬಣ್ಣ, ಸೊಪ್ಪಿನ ವಾಸನೆ, ತೆಳ್ಳಗೆ. ಈ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಬಸಿದು ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ, ತೆಂಗಿನತುರಿ ಹಾಕಿದರೆ ಪಲ್ಯ. ನೆನೆದ ಕಾಳು, ಸೊಪ್ಪು, ಬೆಳ್ಳುಳ್ಳಿ, ಚೆಲ್ಲದ ನೀರು ಎಲ್ಲ ಒಂದೇ ಅಡುಗೆಯಲ್ಲಿ ಕೂಡಿವೆ. ಮುದ್ದೆಯ ಪಕ್ಕ ಒಂದು ಹೋಳು ನಿಂಬೆ ಇಟ್ಟರೆ ಇದಕ್ಕಿಂತ ಉತ್ತಮವಾದ ಕಬ್ಬಿಣದ ಊಟವನ್ನು ಯಾವ ಆಹಾರತಜ್ಞರೂ ಹೊಸದಾಗಿ ಕಟ್ಟಿಕೊಡಬೇಕಿಲ್ಲ.

ಒಬ್ಬ ಹೆಂಗಸಿನ ದಿನದ ಊಟದ ಲೆಕ್ಕ ಹೀಗೆ ಬರುತ್ತದೆ. ಎರಡು ಹೊತ್ತಿನ ಮುದ್ದೆಗೆ 200 ಗ್ರಾಂ ರಾಗಿಹಿಟ್ಟು, 9 ಮಿ.ಗ್ರಾಂ. ಹುರುಳಿ 50 ಗ್ರಾಂ, 4.4. ದಂಟಿನ ಸೊಪ್ಪು 100 ಗ್ರಾಂ, 4.6. ಅಕ್ಕಿ 100 ಗ್ರಾಂ, 0.65. ಒಂದು ಶೇಂಗಾ ಚಿಕ್ಕಿ, ಒಂದಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು 20 ಮಿ.ಗ್ರಾಂ. ಅದರಲ್ಲಿ ಶೇ. 5 ಹೀರಲ್ಪಟ್ಟರೆ ಮೈಗೆ ಸೇರುವುದು 1 ಮಿ.ಗ್ರಾಂ., ಅವಳ ಅಗತ್ಯಕ್ಕೆ ಸಾಲದು. ಶೇ. 10 ಹೀರಲ್ಪಟ್ಟರೆ 2 ಮಿ.ಗ್ರಾಂ., ಸಾಕು. ತಟ್ಟೆ ಒಂದೇ. ಇದೇ ಜಾಗದಲ್ಲಿ ಪಡಿತರದ ಅನ್ನ, ನೀರುಸಾರು ಮಾತ್ರ ಇದ್ದರೆ ಯಾವ ನಿಂಬೆಯೂ ಕಾಪಾಡಲಾರದು, ಏಕೆಂದರೆ ಹೀರಲಿಕ್ಕೆ ಅಲ್ಲಿ ಕಬ್ಬಿಣವೇ ಇಲ್ಲ. ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಹೆಂಗಸಿಗೆ ಪಲ್ಯದ ಪಾತ್ರೆಯಲ್ಲಿ ಉಳಿಯುವುದು ಎಷ್ಟು ಎಂಬುದನ್ನು ಯಾವ ಕೋಷ್ಟಕವೂ ಅಳೆಯುವುದಿಲ್ಲ. ಈ ಇಡೀ ವಿಷಯದಲ್ಲಿ ಮೊದಲು ಸರಿಯಾಗಬೇಕಾದದ್ದು ಅದು.

ಉತ್ತರ ಕರ್ನಾಟಕದ ಊಟ ಇನ್ನೊಂದು ಬಗೆಯಲ್ಲಿ ಸಮೃದ್ಧ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯಸೊಪ್ಪು, ಹಕ್ಕರಕಿ, ಸೀಳಿದ ಈರುಳ್ಳಿಯನ್ನು ಹಸಿಯಾಗಿಯೇ ತಿನ್ನುವುದರಿಂದ ಸಿ ಜೀವಸತ್ವ ಕೆಡದೆ ಸಿಗುತ್ತದೆ. ಮೊಳಕೆ ಬರಿಸಿದ ಮಡಿಕೆ, ಹೆಸರಿನ ಉಸುಳಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸೇರಿದರೆ ಬಯಲುಸೀಮೆಯ ಒಣ ನೆಲ ಕೊಡುವ ಕಬ್ಬಿಣ ಕಡಿಮೆಯೇನಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಎರಡು ವರ್ಷದ ಪುಟ್ಟ ಮಕ್ಕಳಿಗೆ ಕಬ್ಬಿಣ ಹೆಚ್ಚಿರುವಂತೆ ಬೆಳೆಸಿದ ಸಜ್ಜೆಯ ತಿನಿಸು ಕೊಟ್ಟು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಸಜ್ಜೆ ತಿಂದ ಮಕ್ಕಳಲ್ಲಿ ದಿನಕ್ಕೆ 0.23 ಮಿ.ಗ್ರಾಂ. ಹೀರಲ್ಪಟ್ಟರೆ ಹೊಸ ತಳಿಯದರಲ್ಲಿ 0.67 ಮಿ.ಗ್ರಾಂ. ಒಳಸೇರಿತು. ಸಜ್ಜೆಯನ್ನು ದನದ ಮೇವೆಂದು ಹಿಂದೆ ಸರಿಸುತ್ತಿದ್ದವರಿಗೆ ಇದೊಂದೇ ಅಂಕಿ ಸಾಕು.

ಕರಾವಳಿ, ಕಾಸರಗೋಡುಗಳಲ್ಲಿ ಅನ್ನವೇ ಮುಖ್ಯ, ಹಾಗಾಗಿ ಅಲ್ಲಿ ಸೊಪ್ಪಿನ ಹೊಣೆ ಹೆಚ್ಚು. ದಂಟನ್ನು ಅಲ್ಲಿ ಹರಿವೆ ಎನ್ನುತ್ತಾರೆ, ಬೀಜ ಕಾಯ್ದಿಟ್ಟು ಅಂಗಳದಲ್ಲೇ ಬಿತ್ತುತ್ತಾರೆ. ಆಟಿಯ ಮಳೆಯಲ್ಲಿ ತಾನಾಗಿ ಚಿಗುರುವ ತಜಂಕ್, ಕೆಸುವಿನ ಪತ್ರೊಡೆ, ಚಪ್ಪರದ ಬಸಳೆ, ಒಂದೆಲಗದ ತಂಬುಳಿ ಊಟಕ್ಕೆ ಬರುತ್ತವೆ. ಗಂಜಿಯೂಟಕ್ಕೆ ಹುರುಳಿಯ ಚಟ್ನಿ ಹಳೆಯ ಜೊತೆ. ಮಲಯಾಳದ ಮನೆಗಳಲ್ಲೂ ಕೆಂಪು ಹರಿವೆ 'ಚೀರ' ಎಂಬ ಹೆಸರಿನಲ್ಲಿ ತೋರನ್ ಆಗುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯ 'ಅರುಣ್' ಎಂಬ ಕಡುಗೆಂಪು ತಳಿಯನ್ನೇ ಕೊಟ್ಟಿದೆ.

ಮೊದಲು ಹೇಳಿದ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಹೆಂಗಸರ ರಕ್ತಹೀನತೆ ಶೇ. 36.3, ಮಕ್ಕಳದು ಶೇ. 39.4. ಅಲ್ಲಿ ಮೀನು ದಿನದ ಊಟ, ಆದ್ದರಿಂದ ಅಂಕಿ ಕಡಿಮೆ ಎಂದು ಸುಲಭವಾಗಿ ಹೇಳಿಬಿಡಬಹುದು. ಮೀನಿನ ಪಾಲು ಇದ್ದೀತು. ಆದರೆ ಹುಡುಗಿಯರ ಓದು, ತಡವಾದ ಮದುವೆ, ಹತ್ತಿರದ ಆಸ್ಪತ್ರೆ, ಹೆರಿಗೆಗೆ ಮುಂಚಿನ ಆರೈಕೆಗಳ ಪಾಲನ್ನು ಬಿಟ್ಟು ಈ ಅಂತರವನ್ನು ತಟ್ಟೆಯಿಂದ ಮಾತ್ರ ವಿವರಿಸುವುದು ತಪ್ಪು. ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಕುಟುಂಬ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ತೆಗೆದ ಹನಿರಕ್ತವನ್ನು ಅಳೆಯುತ್ತಾರೆ. ರಕ್ತನಾಳದಿಂದ ರಕ್ತ ತೆಗೆದು ಅಳೆದ 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ. 41 ಇತ್ತು, ಕಬ್ಬಿಣದ ಕೊರತೆ ಶೇ. 32. ತೊಂದರೆ ಸಣ್ಣದಲ್ಲ, ಆದರೆ ಎಲ್ಲವೂ ಕಬ್ಬಿಣದ್ದಲ್ಲ.

ಕಬ್ಬಿಣದ ಪಾತ್ರೆ

ಕಬ್ಬಿಣದ ಬಾಣಲೆ, ಕಾವಲಿಗಳಿಂದಲೂ ಆಹಾರಕ್ಕೆ ಕಬ್ಬಿಣ ಸೇರುತ್ತದೆ. ಹುಳಿಯ, ನೀರಿನಂಶದ ಅಡುಗೆ ಹೆಚ್ಚು ಹೊತ್ತು ಬೆಂದರೆ ಹೆಚ್ಚು. ಒಣದೋಸೆಗೆ ಹೆಚ್ಚೇನೂ ಹತ್ತುವುದಿಲ್ಲ. ಇಥಿಯೋಪಿಯಾದಲ್ಲಿ ಅಲ್ಯೂಮಿನಿಯಂ ಪಾತ್ರೆಯ ಬದಲು ಕಬ್ಬಿಣದ ಪಾತ್ರೆ ಬಳಸಿದ ಮನೆಯ ಮಕ್ಕಳ ಹಿಮೋಗ್ಲೋಬಿನ್ ಏರಿದ್ದನ್ನು 1999ರಲ್ಲಿ ದಾಖಲಿಸಿದರು. ಕಾಂಬೋಡಿಯಾದಲ್ಲಿ ಸಾರಿಗೆ ಹಾಕಿ ಕುದಿಸುವ ಕಬ್ಬಿಣದ ಮೀನು ಬಹಳ ಸುದ್ದಿ ಮಾಡಿತು, ಮುಂದಿನ ಪರೀಕ್ಷೆಯಲ್ಲಿ ಅದರಿಂದ ಲಾಭ ಕಾಣಲಿಲ್ಲ. ಅಲ್ಲಿಯ ರಕ್ತಹೀನತೆಯಲ್ಲಿ ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷಗಳ ಪಾಲು ದೊಡ್ಡದಿತ್ತು. ಹುಳಿ ಅಡುಗೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಇಡೀ ದಿನ ಬಿಡಬಾರದು, ಬಣ್ಣ ಕಪ್ಪಾಗಿ ರುಚಿ ಕೆಡುತ್ತದೆ. ನಾನ್‌ಸ್ಟಿಕ್ ತವೆಯಿಂದ ಕಬ್ಬಿಣ ಸಿಗುವುದಿಲ್ಲ.

ಶಾಲೆ, ಅಂಗನವಾಡಿ

1 ಆಗಸ್ಟ್ 2013ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಶಾಲೆಯ ಮಕ್ಕಳಿಗೆ ಪ್ರೋಟೀನು, ಸುಣ್ಣ ಕೊಡುತ್ತದೆ, ಕಬ್ಬಿಣವನ್ನಲ್ಲ. ಹಾಲಿನ ಸುಣ್ಣ ಕಬ್ಬಿಣದ ಹೀರಿಕೆಯನ್ನು ಸ್ವಲ್ಪ ತಡೆಯುವುದರಿಂದ ಅದನ್ನು ಬಿಸಿಯೂಟದ ಹೊತ್ತಿಗಲ್ಲದೆ ಬೆಳಿಗ್ಗೆ ಕೊಡುವುದು ಒಳ್ಳೆಯದು. ಶಾಲೆಯಲ್ಲಿ ಮೊಟ್ಟೆ ಕೊಡುವಾಗ ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಕಬ್ಬಿಣದ ದೃಷ್ಟಿಯಿಂದ ಚಿಕ್ಕಿಯೇ ಮೇಲು, ಬಾಳೆಹಣ್ಣಿನಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಸೀಬೆಯ ಕಾಲದಲ್ಲಿ ಸೀಬೆ ಕೊಟ್ಟರೆ ಊಟದ ಕಬ್ಬಿಣವೂ ಚೆನ್ನಾಗಿ ಹತ್ತುತ್ತಿತ್ತು. 2 ಅಕ್ಟೋಬರ್ 2017ರಿಂದ ರಾಜ್ಯವ್ಯಾಪಿಯಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರು ಅಂಗನವಾಡಿಯಲ್ಲೇ ಕೂತು ಉಣ್ಣುತ್ತಾರೆ, ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಮನೆಯಲ್ಲಿ ಕಡೆಗೆ ಉಣ್ಣುವವಳು ಇಲ್ಲಿ ಮೊದಲ ಪಂಕ್ತಿಯಲ್ಲಿ ಕೂರುತ್ತಾಳೆ ಎಂಬುದೇ ಈ ಯೋಜನೆಯ ದೊಡ್ಡ ಗುಣ.

ಪಡಿತರ, ಬಿಸಿಯೂಟದ ಅಕ್ಕಿಗೆ ಈಗ ಸಾರವರ್ಧಿತ ಕಾಳುಗಳನ್ನು ಬೆರೆಸುತ್ತಾರೆ. ಒಂದು ಕಿಲೋಗೆ 28ರಿಂದ 42.5 ಮಿ.ಗ್ರಾಂ. ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ, ಬಿ12. ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆಯುವವರು ಎಸೆಯುವುದು ಅದೇ ಕಬ್ಬಿಣವನ್ನು. ಅದು ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು.

ಮಾತ್ರೆಯ ಹೊತ್ತು

ದೇಶದಲ್ಲಿ ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. 2018ರಿಂದ ಅದು 'ಅನೀಮಿಯಾ ಮುಕ್ತ ಭಾರತ'. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಬಸುರಿಯರಿಗೆ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ. ಕೆಂಪು, ನೀಲಿ ಮಾತ್ರೆಗಳಲ್ಲಿ 60 ಮಿ.ಗ್ರಾಂ. ಕಬ್ಬಿಣವಿದೆ. ಮೇಲಿನ ಬಸ್ಸಾರಿನ ಊಟದ ಮೂರು ದಿನದ ಲೆಕ್ಕ ಒಂದು ಮಾತ್ರೆಯಲ್ಲಿದೆ. ಮಾತ್ರೆ ತಿಂದ ಮರುದಿನ ಮಲ ಕಪ್ಪಾಗುವುದನ್ನು ನೋಡಿ ಹೆದರಿ ಬಿಟ್ಟುಬಿಡುವ ಹುಡುಗಿಯರು ಬಹಳ. ಹೀರಲ್ಪಡದ ಕಬ್ಬಿಣದ ಬಣ್ಣ ಅದು, ಅಪಾಯವಿಲ್ಲ ಎಂದು ಮೊದಲೇ ಹೇಳಬೇಕು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಚಹಾ, ಹಾಲು, ಸುಣ್ಣದ ಮಾತ್ರೆಗಳ ಜೊತೆ ಮಾತ್ರ ಬೇಡ. ಕರುಳಿನ ಬಾಗಿಲನ್ನು ಹೆಪ್ಸಿಡಿನ್ ಎಂಬ ಹಾರ್ಮೋನು ಕಾಯುತ್ತದೆ, ದೊಡ್ಡ ಪ್ರಮಾಣದ ಕಬ್ಬಿಣ ಬಂದ ಮರುದಿನ ಅದು ಬಾಗಿಲನ್ನು ಅರೆಮುಚ್ಚುತ್ತದೆ. ಹಾಗಾಗಿ ಬಸುರಿಯಲ್ಲದವರಿಗೆ ದಿನಬಿಟ್ಟು ದಿನ ಮಾತ್ರೆ ಕೊಡುವ ವೈದ್ಯರು ಈಚೆಗೆ ಹೆಚ್ಚುತ್ತಿದ್ದಾರೆ. ಬಸುರಿಯರು ತಮಗೆ ಹೇಳಿದ ಕ್ರಮವನ್ನೇ ಪಾಲಿಸಬೇಕು.

'ರಕ್ತ ಕಮ್ಮಿ ಇದೆ' ಎಂಬ ಮಾತಿನ ಹಿಂದಿನ ಅಳತೆ ಹೀಗಿದೆ: ಹಿಮೋಗ್ಲೋಬಿನ್ ಹೆಂಗಸರಿಗೆ ಡೆಸಿಲೀಟರಿಗೆ 12 ಗ್ರಾಂ, ಬಸುರಿಯರಿಗೆ 11, ಗಂಡಸರಿಗೆ 13ಕ್ಕಿಂತ ಇಳಿದರೆ ರಕ್ತಹೀನತೆ. ಅದಕ್ಕೂ ಮೊದಲೇ ದಾಸ್ತಾನಿನ ಕಬ್ಬಿಣ ತೀರಿರುತ್ತದೆ, ಫೆರಿಟಿನ್ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಕಣ್ಣ ಒಳರೆಪ್ಪೆ ಬಿಳಚುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಗುರುತುಗಳು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಚಟವೂ ಹಲವು ಸಲ ಕಬ್ಬಿಣದ ಕೊರತೆಯಿಂದ ಬರುತ್ತದೆ. ಅದನ್ನು ಬಸುರಿಯ ಬಯಕೆ ಎಂದು ನಕ್ಕು ಬಿಡಬಾರದು, ಮಗುವಿನ ತುಂಟತನ ಎಂದು ಹೊಡೆಯಲೂಬಾರದು. ಚರಕಸಂಹಿತೆ ಬಿಳಚಿಕೊಳ್ಳುವ ಈ ಕಾಯಿಲೆಯನ್ನು ಪಾಂಡುರೋಗವೆಂದು ಕರೆದು ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನು ಬೇರೆಯಾಗಿ ಹೇಳುತ್ತದೆ, ಲೋಹ ಸೇರಿದ ನವಾಯಸ ಚೂರ್ಣವನ್ನೂ ಸೂಚಿಸುತ್ತದೆ.

ಮಾತ್ರೆ ತಿಂಗಳುಗಟ್ಟಲೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ಇನ್ನಷ್ಟು ಮಾತ್ರೆ ನುಂಗುವುದಲ್ಲ, ಕಾರಣ ಹುಡುಕಬೇಕು. ಹೆಚ್ಚು ಮುಟ್ಟಿನ ಸ್ರಾವ, ಮೂಲವ್ಯಾಧಿ, ಬರಿಗಾಲಿನಿಂದ ಒಳಸೇರುವ ಕೊಕ್ಕೆಹುಳು ರಕ್ತವನ್ನು ಸದ್ದಿಲ್ಲದೆ ಕಳೆಯುತ್ತಿರಬಹುದು. ಹಾಲು, ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿಯಲ್ಲಿ ಬಿ12 ಕೊರತೆ ಸಾಮಾನ್ಯ, ಅದಕ್ಕೆ ಕಬ್ಬಿಣ ಮದ್ದಲ್ಲ. ಹೆಗ್ಗಡದೇವನಕೋಟೆ, ಚಾಮರಾಜನಗರ, ವಯನಾಡಿನ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಕುಡುಗೋಲು ಕಣ ರೋಗವಿದೆ, ಅಲ್ಲಲ್ಲಿ ಥಲಸೀಮಿಯಾ ಮನೆತನಗಳಿವೆ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಅಂಥ ಮಕ್ಕಳ ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿ ಯಕೃತ್ತು, ಹೃದಯಗಳಲ್ಲಿ ಕೂಡಿಕೊಂಡಿರುತ್ತದೆ. ಅವರಿಗೆ ವೈದ್ಯರು ಹೇಳದೆ ಕಬ್ಬಿಣದ ಮಾತ್ರೆ ಕೊಡಬಾರದು.